ಒಲೆಯ ಮೇಲಿನ ಆಕಾಶ

ಬಿಸಿಲು ಇನ್ನೂ ಕಣಿವೆಯ ತಳ ಮುಟ್ಟಿಲ್ಲ. ಸೊಕೊರ್ರೊ ವಿಯಾಲ್ಪಾಂದೊ ಆಗಲೇ ಹೊಳೆ ದಾಟಿ, ಉದ್ದ ಹಿಡಿಕೆಯ ಕತ್ತರಿ ಹಿಡಿದು ನಿಂತಿದ್ದಾರೆ. ಕಾಲುದಾರಿಗೆ ಚಾಚಿದ ಪೊದೆಗಳನ್ನು ಸವರುವುದು ಅವರ ಕೆಲಸ. ಈ ಚಾಪರಲ್ ಪೊದೆಕಾಡಿಗೆ ದೊಡ್ಡ ದೊಡ್ಡ ಕ್ಯಾಮೆರಾ ಹೊತ್ತು ಬರುವವರೆಲ್ಲ ಅವರು ಬಿಡಿಸಿಕೊಟ್ಟ ದಾರಿಯಲ್ಲೇ ನಡೆಯುತ್ತಾರೆ. ಅವರತ್ತ ಮಾತ್ರ ಯಾರೂ ಕಣ್ಣೆತ್ತಿ ನೋಡುವುದಿಲ್ಲ.

ಸೊಕೊರ್ರೊ ಅವರ ಸೊಂಟದ ಚೀಲದಲ್ಲೂ ಒಂದು ಕ್ಯಾಮೆರಾ ಇದೆ. ಗಂಡ ತೀರಿಕೊಂಡ ವರ್ಷ ಹಳೆ ಸಾಮಾನಿನ ಸಂತೆಯಲ್ಲಿ ಕೊಂಡದ್ದು. ಬುತ್ತಿ ಬಿಚ್ಚುವ ಹೊತ್ತಿನಲ್ಲಿ ನರಿಯಂಥ ಕಯೋಟಿ, ಕಾಡುಬೆಕ್ಕು, ಬಂಡೆಯ ಮೇಲೆ ಮೈಚಾಚಿದ ಗಿಲಕಿ ಹಾವು ಎಲ್ಲವನ್ನೂ ಅದರಲ್ಲಿ ಹಿಡಿದಿದ್ದಾರೆ. ಉಳಿದದ್ದು ಚಿರತೆಯಷ್ಟು ದೊಡ್ಡ ಪ್ಯೂಮಾ ಒಂದೇ. ಅದರ ಹೆಜ್ಜೆ ಸಿಕ್ಕಿದೆ, ಅದು ಕೊಂದು ತರಗೆಲೆ ಮುಚ್ಚಿಟ್ಟ ಜಿಂಕೆಯೂ ಸಿಕ್ಕಿದೆ. ಮುಖ ಸಿಕ್ಕಿರಲಿಲ್ಲ. ಮಂಡಿ ಬೇರೆ ಸವೆದಿದೆ, ಈ ಬೇಸಿಗೆಗೆ ಕೆಲಸ ಬಿಡಲೇಬೇಕು.

"ನಿಮ್ ಪ್ಯೂಮಾ ಇರೋದು ನಿಮ್ ತಲೇಲಿ, ದೋನ್ಯಾ" ಎಂದು ಜೊತೆಗಾರ ದೆಲ್ಫಿನೊ, 'ಅಮ್ಮಾವ್ರೇ' ಎನ್ನುವ ಗೌರವದಲ್ಲೇ, ರೇಗಿಸುತ್ತಲೇ ಇದ್ದ.

"ಇರ್ಲಿ ಬಿಡೋ, ನಿನ್ ತಲೇಲಿ ಅದೂ ಇಲ್ವಲ್ಲ!"

ಹೋದ ವಾರ ಅದು ಬಂದೇ ಬಂತು. ತಿರುವಿನಲ್ಲಿ, ಕೆಲವೇ ಮಾರು ದೂರದಲ್ಲಿ, ದಾರಿಯ ನಟ್ಟನಡುವೆ.

"ಕ್ಯಾಮೆರಾ ಕೈಗೆ ಬಂತು. ಕೂತು ತೆಗ್ಯೋಣ ಅಂತ ಮಂಡಿ ಬಗ್ಗಿಸ್ದೆ ನೋಡಿ, ಅದು ಕಿವಿ ಹಿಂದಕ್ಕೆ ಮಡಚ್ತು" ಎನ್ನುತ್ತಾರೆ ಸೊಕೊರ್ರೊ.

ಪ್ಯೂಮಾದ ಮುಂದೆ ಕೂರಬಾರದು, ಓಡಬಾರದು. ಕೈಯೆತ್ತಿ ಆಳು ದೊಡ್ಡದಾಗಿ ಕಾಣಬೇಕು, ಕೂಗಬೇಕು. ಈ ಕಣಿವೆಯಲ್ಲಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಇದನ್ನು ಕಲಿಸುತ್ತಾರೆ. ಕಲಿಸುವವರು ಬೇರೆ ಯಾರೂ ಅಲ್ಲ, ಸೊಕೊರ್ರೊ ಅವರೇ. ಆಸೆ ಅವರಿಗೂ ಅದನ್ನು ಮರೆಸಿಬಿಟ್ಟಿತ್ತು. ಥಟ್ಟನೆ ನೆಟ್ಟಗೆ ನಿಂತವರೇ ಕ್ಯಾಮೆರಾ ಸಮೇತ ಎರಡೂ ಕೈ ಮೇಲೆತ್ತಿ, ಗಂಟಲು ಹರಿಯುವಂತೆ ಕೂಗಿದರು. ಪ್ಯೂಮಾ ಒಂದಿಷ್ಟು ಹೊತ್ತು ಅವರನ್ನೇ ನೋಡಿ, ಅವಸರವೇ ಇಲ್ಲದೆ ಹೊಳೆಯತ್ತ ಇಳಿದುಹೋಯಿತು. ದೆಲ್ಫಿನೊ ಓಡಿ ಬರುವಷ್ಟರಲ್ಲಿ ಅವರು ಬಂಡೆಯ ಮೇಲೆ ಕುಳಿತು ಅಳುತ್ತಿದ್ದರು, ನಗುತ್ತಲೂ ಇದ್ದರು.

ಕೈ ಮೇಲೆತ್ತಿದ ಗಾಬರಿಯಲ್ಲಿ ಬೆರಳು ಗುಂಡಿ ಒತ್ತಿತ್ತು. ಬಂದದ್ದು ಬರೀ ಬೆಳಗಿನ ಆಕಾಶ, ಮೂಲೆಯಲ್ಲಿ ನಾಲ್ಕು ಓಕ್ ಎಲೆ. ಅದನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಅಡುಗೆಮನೆಯಲ್ಲಿ ಒಲೆಯ ಮೇಲಿನ ಗೋಡೆಗೆ ತೂಗುಹಾಕಿದ್ದಾರೆ.

"ಇದ್ರಲ್ಲಿ ಪ್ಯೂಮಾ ಎಲ್ಲಿ, ದೋನ್ಯಾ?" ದೆಲ್ಫಿನೊ ಈಗಲೂ ಬಿಡುವುದಿಲ್ಲ.

ಸೊಕೊರ್ರೊ ಕಾವಲಿಯ ಮೇಲಿನ ತೋರ್ತಿಯಾ ರೊಟ್ಟಿ ಮಗುಚಿಹಾಕಿ, ಚಿತ್ರದ ಕಟ್ಟಿನ ಕೆಳಗೆ, ಬರಿಗೋಡೆಯ ಮೇಲೆ ಬೆರಳಿಡುತ್ತಾರೆ.

"ಇಲ್ಲಿ. ನನ್ನೇ ನೋಡ್ತಾ ನಿಂತಿದೆ."