ಬಾಗಿಲಿದ್ದ ಭಟ್ಟಿ

ಹರಪನಹಳ್ಳಿಯ ಸೋಮಶೇಖರ್ ತಮ್ಮ ಹೊಸ ಹೋಟೆಲಿಗೆ ಚಹಾದ ಕಪ್ಪು ಗೊತ್ತುಮಾಡಲು ಕೊಟ್ಟೂರಿಗೆ ಬಂದು, ಕುಂಬಾರ ಪಂಚಾಕ್ಷರಪ್ಪನ ಹಿತ್ತಲಿಗೆ ಕಾಲಿಟ್ಟಾಗ, ಅವರನ್ನು ಎದುರುಗೊಂಡದ್ದು ಪಂಚಾಕ್ಷರಪ್ಪನ ಮುಖವಲ್ಲ. ಮುಖ ಭಟ್ಟಿಯೊಳಗಿತ್ತು. ಹಿಂಬದಿಯ ಕಲ್ಲುಹಲಗೆಯ ಮೇಲೆ ಕೊನೆಯ ಸಾಲು ಕಪ್ಪು ಜೋಡಿಸಲೆಂದು ಸೊಂಟದವರೆಗೆ ಒಳಗೆ ನುಗ್ಗಿದವನು ಎರಡು ಹಲಗೆಗಳ ನಡುವೆ ಭುಜ ಸಿಕ್ಕಿಸಿಕೊಂಡು, ಅತ್ತಲೂ ಹೋಗಲಾರದೆ ಇತ್ತಲೂ ಬರಲಾರದೆ ಕಾಲು ಬಡಿಯುತ್ತಿದ್ದ. ಹೆಂಡತಿ ನಾಗಲಿಂಗಮ್ಮ ಸೊಂಟ ಹಿಡಿದು ಜಗ್ಗಿದಳು. ಭಟ್ಟಿಯಿಂದ ಗಂಡ ಬರಲಿಲ್ಲ, ಬಟ್ಟೆ ಬಂತು.

ಲುಂಗಿ ಕೈಯಲ್ಲಿ ಹಿಡಿದು ನಿಂತವಳು ಬಾಗಿಲಲ್ಲಿ ಬಂದವರನ್ನು ನೋಡಿ, "ಬರ್ರಿ ಅಣ್ಣಾರ, ಕುಂದ್ರಿ. ಅವರು ಒಳಗ ಅದಾರ" ಎಂದಳು.

ಸೋಮಶೇಖರ್ ಮರ್ಯಾದಸ್ಥರು. ಪಟ್ಟೆ ಚಡ್ಡಿಯ ಕಡೆ ನೋಡದೆ, ಪಂಚಾಕ್ಷರಪ್ಪ ತರಬೇತಿಯಲ್ಲಿದ್ದಾಗ ಸುಟ್ಟು ತಂದು ಕಟ್ಟೆಯ ಮೇಲೆ ಮಾದರಿಗೆಂದು ಇಟ್ಟಿದ್ದ ಹಸಿರು ಕಪ್ಪೊಂದನ್ನು ಎತ್ತಿಕೊಂಡು ಬಿಸಿಲಿಗೆ ಹಿಡಿದರು.

"ಎಷ್ಟ್ ಚಂದ ಐತ್ರೀ ಇದು! ಗಿಳಿ ಬಣ್ಣ! ಇಂಥದ್ದು ನಾ ಎಲ್ಲೂ ನೋಡಿಲ್ಲ ಬಿಡ್ರಿ!"

"ಅಷ್ಟು ಹೊಗಳಬ್ಯಾಡ್ರೀ!" ಎಂದು ಭಟ್ಟಿಯೊಳಗಿಂದ ಗುಡುಗು ಬಂತು. ಎಷ್ಟು ವಿನಯವಂತ ಎಂದುಕೊಂಡ ಸೋಮಶೇಖರ್ ಇನ್ನಷ್ಟು ಹೊಗಳಿದರು. ಹೋಟೆಲಿನ ಪ್ರಾರಂಭಕ್ಕೆ ಈ ಕಪ್ಪೇ ಬೇಕು, ಭಟ್ಟಿ ಈ ಸಲವೂ ಕೈಕೊಟ್ಟರೆ ಸ್ಟೀಲ್ ಲೋಟ ತಂದುಬಿಡುವೆ ಎಂದು ಹೇಳಿ ಹೋದರು.

"ಈ ಸಲವೂ" ಎಂಬ ಮಾತು ನಾಗಲಿಂಗಮ್ಮನಿಗೆ ಚುಚ್ಚಿತು. ಚುಚ್ಚದೇನು? ಪಂಚಾಕ್ಷರಪ್ಪ ದೂರದ ತರಬೇತಿ ಕೇಂದ್ರದಲ್ಲಿ ಪಿಂಗಾಣಿ ಕೆಲಸ ಕಲಿತು ಬಂದವನು. ಬಂದವನೇ ಅಪ್ಪನ ಕಾಲದ ಆವಿಗೆಯನ್ನು ಮಣ್ಣುಮಾಡಿ ಇಟ್ಟಿಗೆಯ ಭಟ್ಟಿ ಕಟ್ಟಿಸಿದ. ವೆಲ್ಡಿಂಗ್ ಕಮಾಲಸಾಬ ಅದಕ್ಕೆ ಕಬ್ಬಿಣದ ಪಟ್ಟಿ ಬಿಗಿದುಕೊಟ್ಟ. ಹಿತ್ತಲಿಗೆ 'ಸ್ಟುಡಿಯೋ' ಎಂದು ಹೆಸರಿಟ್ಟದ್ದಕ್ಕೆ ಮೊದಲ ವಾರ ಇಬ್ಬರು ತಲೆಗೆ ಎಣ್ಣೆ ಹಚ್ಚಿ ಪಾಸ್‌ಪೋರ್ಟ್ ಫೋಟೊ ತೆಗೆಸಿಕೊಳ್ಳಲು ಬಂದಿದ್ದರು. ಮೊದಲ ಸಲ ಸುಟ್ಟ ಕಪ್ಪುಗಳು ಹೆಸರಿಗೆ ತಕ್ಕಂತೆ ಕಪ್ಪಗೇ ಬಂದವು. ಎರಡನೆಯ ಸಲದವು ಹಲಗೆಗೇ ಅಂಟಿ, ಉಳಿಯಿಂದ ಕೆತ್ತಿದರೂ ಬರಲಿಲ್ಲ. ಎರಡೂ ಸಲ ಮಣ್ಣು ತುಳಿದದ್ದು, ಕಟ್ಟಿಗೆ ಹೊತ್ತದ್ದು, ಓಣಿಯ ನಗೆ ನುಂಗಿದ್ದು ನಾಗಲಿಂಗಮ್ಮ. ಮೂರನೆಯದಕ್ಕೆ ಆಕೆ ಕಡ್ಡಿ ಮುರಿದ ಹಾಗೆ ಹೇಳಿದ್ದಳು: "ಇದೂ ಕೆಟ್ಟರ ಈ ಇಟ್ಟಂಗಿಯೊಳಗ ನನಗೊಂದು ಬಚ್ಚಲಾ ಕಟ್ಟಸ್ರಿ. ಅದಕ್ಕೂ ಬಾಗಿಲಾ ಇರ್ಲಿ."

ಬಾಗಿಲಿನ ಮಾತನ್ನು ಆಕೆ ಬೇಕೆಂದೇ ಆಡಿದ್ದಳು. ಊರಿಗೆ ಊರೇ ಮುನಿದದ್ದು ಆ ಬಾಗಿಲಿನ ಮೇಲೆ. ಹಳೆಯ ಆವಿಗೆ ಎಂದರೆ ಬಯಲಲ್ಲಿ ಗಡಿಗೆ ಪೇರಿಸಿ, ಕುಳ್ಳು ಹುಲ್ಲು ಮುಚ್ಚಿ ಸುಡುವ ರಾಶಿ. ಅದಕ್ಕೆ ಗೋಡೆಯಿಲ್ಲ, ಬೀಗವಿಲ್ಲ. ಓಣಿಯವರು ತಮ್ಮ ಕೈಯಾರೆ ಮಾಡಿದ ಹಣತೆ, ಒಲೆ, ಮಕ್ಕಳ ಆಟಿಗೆ ಏನೇ ತಂದರೂ ಮೂಲೆಯಲ್ಲಿ ಜಾಗ ಕೊಡಬೇಕು. ಆವಿಗೆಗೆ ಬಂದ ಮಣ್ಣು ಹಿಂದಕ್ಕೆ ಹೋಗಬಾರದು. ಪಂಚಾಕ್ಷರಪ್ಪ, ಹಿಂದಕ್ಕೆ ಹೋಗಲೇಬೇಕು ಎಂದ. ಕಪ್ಪುಗಳಿಗೆ ಗಾಜಿನ ನೀರು ಬಳಿದಿದೆ, ಅದು ಕರಗಿ ಹೊಳಪಾಗುವ ಬೆಂಕಿ ಇದು, ಹಸಿಮಣ್ಣು ಒಂದು ಉಂಡೆ ಒಳಗಿದ್ದರೂ ಸಿಡಿದು ಎಲ್ಲದರ ಮೇಲೆ ಬೀಳುತ್ತದೆ ಎಂದು ಹೆಂಡತಿಗೆ ಪಾಠ ಒಪ್ಪಿಸಿದ. ಸೋಮಶೇಖರ್ ಬಂದುಹೋದ ಮರುದಿನ, ಬಾಗಿದ ಬೆಂಕಿಗೋಲನ್ನು ನೆಟ್ಟಗೆ ಮಾಡಿಸಲು ಕಮಾಲಸಾಬನ ಅಂಗಡಿಗೆ ಹೊರಟಾಗ ಆಕೆಯನ್ನೇ ಕಾವಲಿಗೆ ಕೂರಿಸಿದ.

ಅವನು ತಿರುವು ದಾಟುವುದೇ ತಡ, ಪಕ್ಕದ ಮನೆಯ ಉಚ್ಚಂಗೆಮ್ಮ ಸೆರಗಿನಲ್ಲಿ ಹಣತೆ ಕಟ್ಟಿಕೊಂಡು ಬಂದಳು.

"ಯವ್ವಾ ನಾಗೂ, ಇವಿಷ್ಟು ಒಂದು ಮೂಲ್ಯಾಗ ಇಡವ್ವಾ."

"ಆಗೂದುಲ್ಲ ಅತ್ತಿ. ಹಸಿ ಅದಾವು, ಸಿಡಿತಾವು."

"ನಿಮ್ಮತ್ತಿ ಇದ್ದಾಗ ಹಿಂಗ ಅಂದಿದ್ದಿಲ್ಲವ್ವಾ. ನೀ ಲಗ್ನಾಗಿ ಬಂದಾಗ ನಿನ್ನ ಅಡಗಿ ಒಲಿ ಮಾಡಿಕೊಟ್ಟಾಕಿ ಯಾರು? ಅದು ಸುಟ್ಟಿದ್ದು ಎಲ್ಲಿ?"

"ಗೊತ್ತೈತಿ ಅತ್ತಿ. ಆದ್ರೂ ಆಗೂದುಲ್ಲ."

ಮುದುಕಿ ಹಣತೆಗಳನ್ನು ಮತ್ತೆ ಸೆರಗಿಗೆ ಕಟ್ಟಿದಳು. "ಮಣ್ಣನ್ನ ಹೊರಗ ನಿಲ್ಲಿಸಿದಿ. ಇರ್ಲಿ ಬಿಡು" ಎಂದಳು. ಬೈದಿದ್ದರೂ ನಾಗಲಿಂಗಮ್ಮ ತಡೆದುಕೊಳ್ಳುತ್ತಿದ್ದಳು. ಆ 'ಇರ್ಲಿ ಬಿಡು' ಕೇಳಿದ ಮೇಲೆ ಅಂದು ರಾತ್ರಿ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು.

ಮರುದಿನ ಬೆಳಕು ಹರಿಯುವಾಗ ಬಾಗಿಲು ಮುಚ್ಚುವ ಹೊತ್ತಿಗೆ ಪಂಚಾಕ್ಷರಪ್ಪ, "ಲೇ, ಅರಲು ಕಡಿಮಿ ಬಿತ್ತು, ಕಲಸಿ ತಗೊಂಡ್ ಬಾ" ಎಂದು ಆಕೆಯನ್ನು ಮನೆಯೊಳಗೆ ಅಟ್ಟಿದ. ಇಟ್ಟಿಗೆಗೆ ಮೆತ್ತುವ ಕೆಸರು ಕಲಸಿ ತಂದಾಗ ಭಟ್ಟಿಯ ಬಾಗಿಲಿಗೆ ಇಟ್ಟಿಗೆ ಅರ್ಧ ಏರಿತ್ತು. ಬೆಂಕಿ ಹಾಕಿ ಸ್ವಲ್ಪ ಹೊತ್ತಿಗೆ ಒಳಗಿನಿಂದ 'ಢಬ್' ಎಂದಿತು. "ಕಟಗಿ ಗಂಟು" ಎಂದ. ಕಟ್ಟಿಗೆ ಕೆಳಗೆ ಉರಿಯುತ್ತಿತ್ತು, ಸದ್ದು ಮೇಲಿನಿಂದ ಬಂದಿತ್ತು. ನಾಗಲಿಂಗಮ್ಮ ಒಮ್ಮೆ ಮೇಲೆ ನೋಡಿ ಕಟ್ಟಿಗೆ ಎತ್ತಿಕೊಂಡಳು. ಸಂಜೆಯವರೆಗೆ ಇಬ್ಬರೂ ಸರದಿಯಲ್ಲಿ ಸೀಳುಕಟ್ಟಿಗೆ ತುರುಕಿದರು. ಇಣುಕುಕಿಂಡಿಯೊಳಗೆ ಎಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿ, ಕಪ್ಪುಗಳ ಮೈ ಒದ್ದೆಯಾದಂತೆ ಮಿರುಗಿದಾಗ, "ಗೆದ್ದೆ ನಾಗೂ" ಎಂದು ಕಿಂಡಿ ಮುಚ್ಚಿದ.

ಭಟ್ಟಿ ಆರಿದ ಮೇಲೆ ತೆರೆಯುವುದನ್ನು ನೋಡಲು ಸೋಮಶೇಖರ್ ಬಂದರು. ತನ್ನ ಕಬ್ಬಿಣ ತಡೆಯಿತೋ ಇಲ್ಲವೋ ಎಂದು ಕಮಾಲಸಾಬ ಬಂದ. ಉಚ್ಚಂಗೆಮ್ಮ ಗೋಡೆಯ ಮೇಲೆ ಗದ್ದವೂರಿದಳು. ಮೊದಲ ಇಟ್ಟಿಗೆ ತೆಗೆದರೆ ಬಣ್ಣ ಗಿಳಿಹಸಿರೇ. ಎಲ್ಲ ತೆಗೆದರೆ ಒಂದೊಂದು ಕಪ್ಪಿನ ಒಡಲಿಗೂ ಕೆಂಪು ಬೋಕಿಚೂರು ಅಂಟಿ, ಹೊಳಪಿನಲ್ಲಿ ಬೆಸೆದುಕೊಂಡಿತ್ತು. ಚಹಾ ಕುಡಿದರೆ ತುಟಿ ಸೀಳುವ ಕಪ್ಪುಗಳು.

ಪಂಚಾಕ್ಷರಪ್ಪ ಹೆಂಡತಿಯ ಕಡೆ ತಿರುಗಿದ.

"ಇಟ್ಟೆಲ್ಲಾ! ಆಕಿ ಹಣತಿ ಕದ್ದು ಇಟ್ಟೆಲ್ಲಾ! ಒಮ್ಮಿ ಸುಟ್ಟ ಕಪ್ಪು ಸಿಡಿಯೂದುಲ್ಲ. ಹಸಿಮಣ್ಣು ಬಿಟ್ಟು ಬ್ಯಾರೆ ಸಿಡಿಯೂದುಲ್ಲ. ಕಾವಲಿಗೆ ಕುಂದ್ರಿಸಿದ್ರ ಕಳ್ಳಗ ಕೀಲಿ ಕೊಟ್ಟಂಗಾತು!"

ನಾಗಲಿಂಗಮ್ಮನಿಗೆ ಭಟ್ಟಿಗಿಂತ ಹೆಚ್ಚು ಕಾವು ಬಂತು.

"ನಾನಾ? ನನ್ನ ಒಲಿ ಮಾಡಿಕೊಟ್ಟ ಮುದುಕಿ ಮುಖದ ಮ್ಯಾಲ ಇಲ್ಲ ಅಂದೀನಿ! ಈ ಓಣ್ಯಾಗ ಯಾರೂ ಯಾರಿಗೂ ಅನ್ನದ ಮಾತು ನಿಮ್ಮ ಸಲುವಾಗಿ ಅಂದೀನಿ! ಮೂರು ದಿನ ನೀರಿನ ನಳದ ಹತ್ರ ಒಬ್ಬಾಕಿ ಮಾತಾಡ್ಸಿಲ್ಲ. ಈಗ ನಾ ಕಳ್ಳಿ?"

"ಆಣಿ ಮಾಡ್ತೀನಿ ತಗೋ, ನನ್ನ ಹಣತಿ ಮನ್ಯಾಗ ಅದಾವು!" ಎಂದು ಗೋಡೆಯ ಆಚೆಯಿಂದ ಉಚ್ಚಂಗೆಮ್ಮನೂ ಸಿಡಿದಳು.

ಜಗಳ ಬೇಡವಾಗಿ ಸೋಮಶೇಖರ್ ಒಂದು ಕಪ್ಪು ಎತ್ತಿ ತಿರುಗಿಸಿ ನೋಡಿದರು. ಹುಬ್ಬು ಗಂಟಿಕ್ಕಿತು.

"ಏನಬೇ, ಹಣತಿಗೆ ಹಲ್ಲು ಇರ್ತಾವೇನು?"

"ನನ್ನ ಬಾಯಾಗ ಇಲ್ಲೋ ಯಪ್ಪಾ, ಹಣತಿಗೆಲ್ಲಿಂದ ತರ್ಲಿ?"

ಕಪ್ಪಿಗೆ ಅಂಟಿದ ಚೂರಿನಲ್ಲಿ ಸಾಲಾಗಿ ಹಲ್ಲುಗಳಿದ್ದವು. ನಾಗಲಿಂಗಮ್ಮ ಇನ್ನೊಂದನ್ನು ಕಸಿದುಕೊಂಡಳು: ಗುಡ್ಡೆ ಹೊರಬಂದ ಕಣ್ಣು. ಮತ್ತೊಂದರಲ್ಲಿ ಗಲ್ಲಿಮೀಸೆಯ ತುದಿ, ಅದರಾಚೆಯದರಲ್ಲಿ ಜೋತ ನಾಲಿಗೆ. ಕಟ್ಟೆಯ ಮೇಲೆ ನಾಲ್ಕೂ ಕಪ್ಪು ಒಟ್ಟಿಗಿಟ್ಟರೆ ಹೊಸ ಮನೆಯ ಮುಂದೆ ತೂಗುಬಿಡುವ ದೃಷ್ಟಿಗೊಂಬೆ ಎಲ್ಲರನ್ನೂ ಅಣಕಿಸಿತು.

"ಅರಲು ಕಡಿಮಿ ಬಿದ್ದಿದ್ದು ಇದಕ್ಕೇನ್ರೀ?" ನಾಗಲಿಂಗಮ್ಮನ ದನಿ ಈಗ ಇಳಿದಿತ್ತು, ಅದೇ ಹೆಚ್ಚು ಭಯ ಹುಟ್ಟಿಸಿತು. "ಊರ ಮಂದಿ ಮಣ್ಣು ಹೊರಗ. ನಿಮ್ಮದು ಮಾತ್ರ ಒಳಗ!"

"ಒಣಗಿತ್ತಲ್ಲಾ..." ಪಂಚಾಕ್ಷರಪ್ಪ ಹೆಗಲ ಟವೆಲನ್ನು ಬೆರಳಿಗೆ ಸುತ್ತಿದ. "ಹಿಂದಿನ ದಿನ ಪೂರಾ ಬಿಸಲಾಗ ಇಟ್ಟಿದ್ದೆ."

"ಅಷ್ಟು ದಪ್ಪ ಬೊಂಬಿ ಒಂದಿನದಾಗ ಒಣಗ್ತೈತೇನ್ ಭಾಯಿ?" ಎಂದ ಕಮಾಲಸಾಬ. "ನನ್ನ ಪಟ್ಟಿ ಮಾತ್ರ ಗಟ್ಟಿ ಅದಾವ ನೋಡ್ರಿ."

"ನನ್ನ ಕಣ್ಣಿಗೆ ಹೆದರಿ ಇಟ್ಟೇನಲೇ ಪಂಚಾಕ್ಷರಿ?" ಉಚ್ಚಂಗೆಮ್ಮನ ಧ್ವನಿ ನಡುಗಿತು. "ನಿನ್ನ ಎತ್ತಿ ಆಡಿಸಿದಾಕಿ ಕಣ್ಣೋ ಇವು!"

ಅವನು ಅಲ್ಲವೆಂದು ತಲೆಯಾಡಿಸಿದ. ನಾಗಲಿಂಗಮ್ಮ ಆಗಲೇ ಭಟ್ಟಿಯ ಇಟ್ಟಿಗೆಗಳ ಮೇಲೆ ಕಣ್ಣಾಡಿಸಿ, ಬಚ್ಚಲಿನ ಗೋಡೆ ಎಲ್ಲಿಯವರೆಗೆ ಏರೀತು ಎಂದು ಅಂದಾಜು ಮಾಡುತ್ತಿದ್ದಳು. ಸೋಮಶೇಖರ್ ಒಳ್ಳೆಯವರು. ವಾತಾವರಣ ತಿಳಿಯಾಗಲಿ, ಇನ್ನೊಂದು ಅವಕಾಶ ಕೊಟ್ಟರಾಯಿತು ಎಂದುಕೊಂಡು, ನಗುತ್ತಲೇ ಅವನ ಬೆನ್ನು ತಟ್ಟಿದರು.

"ಆಗಿದ್ದಾತು ಬಿಡ್ರಿ. ಮತ್ತ ಯಾರ ಕಣ್ಣು ತಾಕ್ತೈತಂತ ಇಟ್ಟಿದ್ರಿ, ಅದನ್ನರ ಹೇಳ್ರಿ."

ಪಂಚಾಕ್ಷರಪ್ಪ ತಲೆ ಎತ್ತಲಿಲ್ಲ.

"ನಿಮ್ಮದೇ ರೀ."