ದೊರೆಸಾನಿಯ ಉಣ್ಣೆಯ ಉಡುಪು

ಚಿತ್ತವಾಡ್ಗಿಯ ನಮ್ಮ ಎದುರುಮನೆಯ ದರ್ಜಿ ಯಾವ ಬಟ್ಟೆಯನ್ನೂ ತಾವೇ ತೊಟ್ಟು ನೋಡದೆ ಕೊಡುತ್ತಿರಲಿಲ್ಲ. “ಮೊದ್ಲು ನನ್ನ ಮೈ ಒಪ್ಪಬೇಕ್ರಿ” ಎನ್ನುತ್ತಿದ್ದರು.

ಸಂಡೂರಿನ ಗಣಿಯ ದೊರೆಸಾನಿ ಬರುವ ಚಳಿಗಾಲಕ್ಕೆ ಸ್ವಿಟ್ಜರ್ಲೆಂಡಿನ ದೊಡ್ಡ ಹೋಟೆಲಿನಲ್ಲಿ ಉಳಿದು, ಹಿಮದ ಮೇಲೆ ಜಾರುವ ಆಟವಾಡಲು ಹೋಗುವವರಿದ್ದರು. ಅದಕ್ಕೆ ಬೇಕಾದ ದಪ್ಪ ಉಣ್ಣೆಯ ಉಡುಪನ್ನು ಬೇಸಿಗೆಯಲ್ಲೇ ಈ ದರ್ಜಿಗೆ ಹೊಲಿಯಲು ಕೊಟ್ಟರು.

ಒಂದು ಮಧ್ಯಾಹ್ನ ದರ್ಜಿಯ ಹೆಂಡತಿಯ ಕೂಗು ಕೇಳಿ ಓಡಿದೆ. ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡ ಆ ಉಡುಪಿನಲ್ಲೇ ದರ್ಜಿ ಸೆಕೆಗೆ ಬವಳಿ ಬಂದು ಬಿದ್ದಿದ್ದರು. ಬೆವರಿನಿಂದ ಒದ್ದೆಯಾದ ಉಣ್ಣೆಯಲ್ಲಿ ಬಿಗಿದ ಗುಂಡಿಗಳನ್ನು ಬಿಚ್ಚಲಾಗಲಿಲ್ಲ. ನಾನು ಕತ್ತರಿ ಎತ್ತಿಕೊಂಡೆ. ಕಣ್ಣು ಮುಚ್ಚಿಕೊಂಡೇ ಅವರು ನನ್ನ ಮಣಿಕಟ್ಟು ಹಿಡಿದರು.

“ಕತ್ತರಿಸಬ್ಯಾಡ್ರಿ ಅಕ್ಕಾರ.”

“ಸಾಯ್ತೀರೇನ್ರಿ? ಬಿಡ್ರಿ ಕೈ!” ಎಂದು ಹೆಂಡತಿ ಚೀರಿದರು.

ಕತ್ತರಿಸಿದೆ. ಮುಖಕ್ಕೆ ನೀರು ಬಿದ್ದ ಮೇಲೆ ಅವರು ಕಣ್ಣು ತೆರೆದು, ಕತ್ತರಿಸಿದ ಉಣ್ಣೆಯನ್ನು ಸವರಿದರು.

“ಭಾಳ ಬೆಚ್ಚಗಿತ್ರಿ.”