ತೊಳೆದ ಉಸಿರು

ಮೊಮ್ಮಗಳ ಹೊಟ್ಟೆನೋವಿಗೆಂದು ಸೊಸೆ ಬಿಸಿನೀರಿನ ಚೀಲ ತಂದಳು. ಬಿರಡೆ ತೆಗೆದದ್ದೇ ತಡ, ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಹಿಂದೆಯೇ ಆ ಹಳೆಯ ಡಾಕ್ಟರಮ್ಮ ಕಣ್ಣ ಮುಂದೆ ಬಂದು ನಿಂತಳು…

ದಿಲ್ಲಿಯ ಕರೋಲ್ ಬಾಗಿನಲ್ಲಿ ನಮ್ಮ ಹೋಟೆಲಿದ್ದ ಕಾಲ. ಮೆಟ್ರೋ ಆಗಷ್ಟೇ ಶುರುವಾಗಿತ್ತು. ನನ್ನ ಪಿತ್ತಕೋಶದಲ್ಲಿ ಕಲ್ಲು, ಕೊಯ್ಯದೆ ದಾರಿಯಿಲ್ಲ ಎಂದರು. ಕೊಯ್ಯುವುದಕ್ಕೆ ನಾನು ಹೆದರಲಿಲ್ಲ. ಮೇಜಿನ ಮೇಲೆ ಮಲಗಿಸಿ ಕೈಗಳಿಗೆ ಪಟ್ಟಿ ಬಿಗಿದರು. ಪಕ್ಕದ ಯಂತ್ರದಿಂದ ಎರಡು ಸುಕ್ಕುಸುಕ್ಕಾದ ಕೊಳವೆಗಳು ಬಂದು ಒಂದು ಮಾಸ್ಕಿಗೆ ಸೇರಿದ್ದವು. ಯಂತ್ರಕ್ಕೆ ಕಪ್ಪು ರಬ್ಬರ್ ಚೀಲವೊಂದು ನೇತುಬಿದ್ದಿತ್ತು. ಯಾರ್ಯಾರೋ ಉಸಿರು ಬಿಟ್ಟ ಕೊಳವೆ. ಎಂಜಲು. ಮಾಸ್ಕ್ ಹತ್ತಿರ ತಂದಾಗೆಲ್ಲ ಮುಖ ತಿರುಗಿಸಿದೆ. ನರ್ಸು ತಲೆ ಹಿಡಿಯಲು ಬಂದಳು. ಈ ಮಾತಾಜಿಯನ್ನು ಮನೆಗೆ ಕಳಿಸಿ ಎಂದು ಸರ್ಜನ್ ಹಿಂದಿಯಲ್ಲಿ ಗೊಣಗಿದರು. ಮನೆಗೆ ಹೋದರೆ ಆ ಹೊಟ್ಟೆನೋವು, ಇಲ್ಲಿದ್ದರೆ ಇದು.

ಅರಿವಳಿಕೆ ಕೊಡುವ ಡಾಕ್ಟರಮ್ಮ ಮೈಸೂರಿನ ಕಡೆಯವಳು, ನಮ್ಮ ಹೋಟೆಲಿಗೇ ದೋಸೆಗೆ ಬರುತ್ತಿದ್ದವಳು. ನರ್ಸನ್ನು ಸರಿಸಿ, ಸ್ಟೂಲೆಳೆದು ಕೂತಳು. ಮಾಸ್ಕಿನ ಹಿಂದಿನ ಫಿಲ್ಟರ್ ನಿಮಗೆಂದೇ ಹೊಸದು, ಬೇರೆಯವರದ್ದು ಇದನ್ನು ದಾಟಿ ಬರುವುದಿಲ್ಲ ಎಂದಳು. ಒಂದು ಕೊಳವೆಯಲ್ಲಿ ಗಾಳಿ ಬರುತ್ತದೆ, ಇನ್ನೊಂದರಲ್ಲಿ ಹೋಗುತ್ತದೆ. ಒಂದೇ ಕಡೆ ತೆರೆಯುವ ಬಾಗಿಲುಗಳಿವೆ. ಹೋದ ಉಸಿರು ಸುಣ್ಣದ ಹರಳಿನ ಡಬ್ಬಿಯನ್ನು ಹಾಯುತ್ತದೆ. ಕೆಟ್ಟದ್ದನ್ನು ಸುಣ್ಣ ಹೀರುತ್ತದೆ. ಉಳಿದದ್ದು ಹೊಸ ಆಕ್ಸಿಜನ್ ಸೇರಿಸಿಕೊಂಡು ವಾಪಸು ಬರುತ್ತದೆ. ಹರಳು ನೇರಳೆಗೆ ತಿರುಗಿದರೆ ಸುಣ್ಣ ಬದಲಿಸುತ್ತಾರಂತೆ.

“ಅಂದ್ರೆ ನಾನು ಬಿಟ್ಟದ್ದನ್ನೇ ಮತ್ತೆ ನಾನು ಎಳ್ಕೊಳ್ಳೋದಾ? ಎಂಜಲು ತೊಳೆದ್ರೆ ಹೋಗುತ್ತಾ ಡಾಕ್ಟ್ರೇ?”

“ನಿಮ್ಮ ಹೋಟೆಲಲ್ಲಿ ಯಾರ್ಯಾರೋ ತಿಂದ ತಟ್ಟೆ ತೊಳೆದು ನನಗೆ ದೋಸೆ ಹಾಕಲ್ವಾ ಅಮ್ಮಾ? ನಾನೇನು ಮುಖ ತಿರುಗಿಸಿದ್ನಾ?”

ಒಂದು ಕೈಯ ಪಟ್ಟಿ ಬಿಚ್ಚಿ ಮಾಸ್ಕನ್ನು ನನಗೇ ಕೊಟ್ಟಳು. ನಾನೇ ಮೂಗಿಗೆ ಒತ್ತಿಕೊಂಡೆ. ಉಸಿರು ಬಿಟ್ಟರೆ ಚೀಲ ಉಬ್ಬಿತು, ಎಳೆದರೆ ಕುಗ್ಗಿತು. ನಾನೇ ಅದರೊಳಗೆ ಸಿಕ್ಕಿಕೊಂಡ ಹಾಗೆ… ಅವಳ ಬೆರಳುಗಳು ನನ್ನ ಗಲ್ಲದ ಕೆಳಗಿದ್ದವು. ಚಲೋ ಅಮ್ಮಾ, ಇನ್ನೊಂದು ದೊಡ್ಡ ಉಸಿರು ಎಂದಳು. ಆಮೇಲಿನದು ನೆನಪಿಲ್ಲ. ಎದ್ದಾಗ ಕಲ್ಲು ಹೋಗಿತ್ತು.

ಈಗ ಘಾಜಿಯಾಬಾದಿನ ಫ್ಲ್ಯಾಟಿನಲ್ಲಿದ್ದೇನೆ. ನನಗೆ ಹರ್ನಿಯಾ ಅಂತೆ, ಮತ್ತೆ ಆಪರೇಷನ್ ಅಂತೆ. ಆ ಡಾಕ್ಟರಮ್ಮ ಇದ್ದರೆ ಮಾತ್ರ ಎಂದೆ. ಮಗ ಫೋನು ಮಾಡಿ ವಿಚಾರಿಸಿದ. ತೀರಿಕೊಂಡು ವರ್ಷಗಳೇ ಆದವಂತೆ. ನನಗಿಂತ ಎಷ್ಟು ಚಿಕ್ಕವಳು… ಕೊನೆಗೆ ಅವಳ ಹತ್ತಿರ ಯಾರಾದರೂ ಕೂತಿದ್ದರಾ ಕೇಳು ಎಂದೆ. ಅದನ್ನೆಲ್ಲ ಯಾರು ಹೇಳ್ತಾರಮ್ಮ ಎಂದ.

ಆಪರೇಷನ್ನಿಗೆ ಹೂಂ ಎಂದೆ. ಬೇಡವೆಂದು ಎಲ್ಲಿಗೆ ಹೋಗಲಿ.